ಉದ್ದ ತೋಳಿನ ರವಿಕೆ

ಮೈಸೂರು

ಚಿರಂಜೀವಿ ಮಗಳಿಗೆ ನಿನ್ನ ಅತ್ತೆಯ ಅನೇಕ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಆದ್ದರಿಂದ ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಮೂರನೆಯ ಪುಟದ ಕೊನೆಯಲ್ಲಿರುವ ಮಾತೊಂದು ಹನ್ನೆರಡು ದಿನಗಳಿಂದ ನನ್ನ ನಿದ್ದೆ ಕೆಡಿಸಿದೆ. ನಿನ್ನ ಉಡುಪು ವಿನ್ಯಾಸದ ತರಗತಿಯಲ್ಲಿ ತೋರಿಸಿದ ಆ ಹಳೆಯ ಚಿತ್ರದಲ್ಲಿ ಹೆಂಗಸರು ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದಾಗ ನೀನು ನೋಡುತ್ತಿದ್ದುದು ಗೋಡೆಯ ಮೇಲೆ ಬಿದ್ದ ನೇರಳೆ ಬೆಳಕನ್ನು, ಗೌನಿನ ನೆರಿಗೆ ಬೀಳುವ ರೀತಿಯನ್ನು. ಚಿತ್ರ ಮುಗಿದ ಮೇಲೆ ಅದು ಅರಿವಾಗಿ, "ನನ್ನೊಳಗೆ ಏನೋ ಕಲ್ಲಾಗುತ್ತಿದೆಯೇ ಅತ್ತೆ?" ಎಂದು ಕೇಳಿದ್ದೀಯ.

ಹಾಗೇನಿಲ್ಲ ಎಂದು ಬರೆಯಲು ಎರಡು ಸಲ ಕುಳಿತೆ, ಬರೆಯಲಾಗಲಿಲ್ಲ. ಚಿತ್ರವನ್ನು ನೋಡದೆ ಸಮಾಧಾನ ಹೇಳುವುದು ನಿನಗೆ ಮಾಡುವ ಮೋಸವಾಗುತ್ತದೆ ಎನ್ನಿಸಿ, ಪಕ್ಕದ ಮನೆಯ ಹುಡುಗನಿಂದ ಕಂಪ್ಯೂಟರಿನಲ್ಲಿ ಹಾಕಿಸಿಕೊಂಡು ನೋಡಿದೆ. 'ಕೊಲೆಗಾರನಿಗೆ ಆರು ಹೆಂಗಸರು' ಎಂಬರ್ಥದ ಹೆಸರನ್ನು ಇಟಲಿಯ ನಿರ್ದೇಶಕ ಮಾರಿಯೊ ಬಾವಾ ಆ ಚಿತ್ರಕ್ಕೆ 1964ರಲ್ಲಿ ಹೇಗೆ ಇಟ್ಟರೋ ಎಂದು ನೋಡುವ ಮೊದಲೇ ಮನಸ್ಸು ಹಿಂಜರಿದಿತ್ತು. ಆದರೆ ಒಂದು ವಿಷಯವನ್ನು ನಿನ್ನಿಂದ ಮುಚ್ಚಿಡಲಾರೆ. ಮೊದಲ ಸಲ ನೋಡಿದಾಗ ನಾನು ಕಂಡದ್ದೂ ನೀನು ಕಂಡದ್ದನ್ನೇ. ಹೆಸರುಗಳು ಬರುವಾಗ ನಟನಟಿಯರು ಬಟ್ಟೆ ತೊಡಿಸುವ ಬೊಂಬೆಗಳ ನಡುವೆ ಬೊಂಬೆಗಳಂತೆಯೇ ಅಲುಗಾಡದೆ ನಿಂತಿರುತ್ತಾರಲ್ಲ, ಅವರ ಮೇಲೆ ಕೆಂಪು, ಹಸಿರು, ನೀಲಿ ಬೆಳಕು ಬೀಳುತ್ತದಲ್ಲ, ಆಗ ನನ್ನ ಕೈ ತಾನಾಗಿ ಮಡಿಲಲ್ಲಿದ್ದ ಸೆರಗನ್ನು ನೆರಿಗೆ ಹಿಡಿಯತೊಡಗಿತ್ತು. ಸೀರೆ ಅಂಗಡಿಯ ಗಾಜಿನ ಕಪಾಟಿನೊಳಗೆ ಇಪ್ಪತ್ತಾರು ವರ್ಷ ಬೊಂಬೆಗಳಿಗೆ ಸೀರೆ ಉಡಿಸಿದ ಕೈ ಅದು.

ಆ ಚೆಲುವು ಎಲ್ಲಿಂದ ಬಂತು ಎಂದು ಆಮೇಲೆ ಓದಿ ತಿಳಿದುಕೊಂಡೆ. ಬಾವಾ ಅವರ ತಂದೆ ಶಿಲ್ಪಿಯಾಗಿದ್ದು ಸಿನಿಮಾದ ಕ್ಯಾಮೆರಾ ಕೈಚಳಕಕ್ಕೆ ಬಂದವರು. ಮಗ ಚಿತ್ರಕಲೆ ಕಲಿತು, ನಿರ್ದೇಶಕನಾಗುವ ಮೊದಲು ಬಹುಕಾಲ ಇತರರ ಚಿತ್ರಗಳಿಗೆ ಛಾಯಾಗ್ರಾಹಕನಾಗಿ ದುಡಿದವರು. ಈ ಚಿತ್ರಕ್ಕೆ ಹಣ ಬಹಳ ಕಡಿಮೆಯಿತ್ತಂತೆ. ಕಥೆ ನಡೆಯುವ ಉಡುಪಿನ ಮನೆಯೊಳಗೆ, ಅಂದರೆ ಬಟ್ಟೆ ಹೊಲಿದು ಹುಡುಗಿಯರಿಗೆ ತೊಡಿಸಿ ಪ್ರದರ್ಶಿಸುವ ಆ ಮನೆಯೊಳಗೆ, ಕ್ಯಾಮೆರಾ ಅಷ್ಟು ನಯವಾಗಿ ಸರಿಯುತ್ತದಲ್ಲ, ಅದನ್ನು ಮಕ್ಕಳ ಆಟದ ಗಾಡಿಯ ಮೇಲಿಟ್ಟು ಎಳೆದರೆಂದು ಸಾಯುವ ಹುಡುಗಿಯರಲ್ಲೊಬ್ಬಳಾದ ಪೆಗ್ಗಿಯ ಪಾತ್ರ ಮಾಡಿದ ಮೇರಿ ಆರ್ಡನ್ ಮುಂದೆ ನೆನಪಿಸಿಕೊಂಡಿದ್ದಾರೆ. ಅದನ್ನು ಓದಿದಾಗ ನಿನ್ನ ವಿಷಯದಲ್ಲಿ ನನಗೆ ಸ್ವಲ್ಪ ನಿರಾಳವಾಯಿತು. ನಿನ್ನ ಕಣ್ಣು ಹೋದದ್ದು ಒಬ್ಬ ಕಸುಬುದಾರನ ಕೆಲಸದ ಮೇಲೆ, ನೀನು ಅಷ್ಟು ದೂರ ಹೋಗಿರುವುದೂ ಅಂಥ ಕಣ್ಣನ್ನು ಪಡೆಯಲೆಂದೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ನಿರಾಳ ರಾತ್ರಿಯವರೆಗೂ ಉಳಿಯಲಿಲ್ಲ.

ಎರಡನೆಯ ಸಲ ನೋಡಿದಾಗ ಬೆಳಕನ್ನು ಬಿಟ್ಟು ಜನರನ್ನು ನೋಡಿದೆ. ಇಸಬೆಲ್ಲಾ ಎಂಬ ಹುಡುಗಿ ಸತ್ತಿದ್ದಾಳೆ, ಅವಳು ಕೆಲಸ ಮಾಡುತ್ತಿದ್ದ ಮನೆಯಲ್ಲೇ ಶವ ಸಿಕ್ಕಿದೆ, ಆದರೂ ಪ್ರದರ್ಶನ ನಿಲ್ಲುವುದಿಲ್ಲ. ಅವಳ ದಿನಚರಿ ಪುಸ್ತಕವಿರುವ ಕೈಚೀಲದ ಮೇಲೆ ಅಲ್ಲಿರುವ ಪ್ರತಿಯೊಬ್ಬರ ಕಣ್ಣೂ ನೆಟ್ಟಿದೆ, ಏಕೆಂದರೆ ಪ್ರತಿಯೊಬ್ಬರಿಗೂ ಅದರಲ್ಲಿ ತಮ್ಮ ಬಗ್ಗೆ ಏನಿದೆಯೋ ಎಂಬ ದಿಗಿಲು. ಅವಳಿಗಾಗಿ ಒಂದು ಹನಿ ಕಣ್ಣೀರು ಹಾಕುವವರು ಆ ಕೋಣೆಯಲ್ಲಿಲ್ಲ. ನಿನ್ನ ಹೆದರಿಕೆಯನ್ನು ಆ ಚಿತ್ರವೇ ನಿನಗಿಂತ ಮೊದಲು ಕಂಡಿತ್ತೇನೋ ಎಂದು ನನಗೆ ಆಗ ಅನ್ನಿಸಿತು. ಅಷ್ಟೊಂದು ಬಣ್ಣದ ನಡುವೆ ಯಾರೂ ಯಾರನ್ನೂ ನೋಡುವುದಿಲ್ಲ ಎಂಬುದು ಅದರೊಳಗೇ ಇದೆ.

ಪೆಗ್ಗಿಯ ಸಾವಿನ ದೃಶ್ಯವನ್ನು ಎರಡು ಸಲವೂ ಪೂರ್ತಿ ನೋಡಲಾಗಲಿಲ್ಲ. ಬಟ್ಟೆ ಬಿಗಿದು ಮುಖವೇ ಕಾಣದ ಆ ಕೊಲೆಗಾರ ಅವಳ ಮುಖವನ್ನು ಕಾದ ಒಲೆಗೆ ಒತ್ತುತ್ತಾನೆ. ನನ್ನಷ್ಟು ವಯಸ್ಸಾದ ಈ ಊರಿನ ಯಾವ ಹೆಂಗಸೂ ಅದನ್ನು ಬರಿಯ ಸಿನಿಮಾ ಎಂದುಕೊಂಡು ನೋಡಲಾರಳು.

ನಿನ್ನಪ್ಪನಿಗೂ ಹೇಳದ ವಿಷಯವೊಂದನ್ನು ಈಗ ಬರೆಯುತ್ತಿದ್ದೇನೆ. ನಾನು ಅಂಗಡಿಯಲ್ಲಿದ್ದಾಗ ಗಿರಾಕಿಗಳ ಎದುರು ಸೀರೆಗಳನ್ನು ಹೆಗಲ ಮೇಲೆ ಹೊದ್ದು ತೋರಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಯಾವ ಬಣ್ಣವನ್ನು ಹೊದಿಸಿದರೂ ಅವಳ ಮೇಲೆ ಅದಕ್ಕೊಂದು ಕಳೆ ಬರುತ್ತಿತ್ತು. ಅವಳ ರವಿಕೆಗಳನ್ನು ನಾನೇ ಹೊಲಿದುಕೊಡುತ್ತಿದ್ದೆ. 1984ರ ಬೇಸಿಗೆಯಲ್ಲಿ ಅವಳು ಮಣಿಕಟ್ಟಿನವರೆಗೆ ತೋಳು ಬೇಕೆಂದಳು. ಬಿಸಿಲಿಗೆ ಎಲ್ಲರೂ ತೋಳನ್ನು ಮೇಲೇರಿಸುತ್ತಿದ್ದ ಕಾಲ ಅದು. ಅಳತೆ ತೆಗೆಯುವಾಗ ಸೆರಗನ್ನು ಸರಿಸಲಿಲ್ಲ, ಬಟ್ಟೆಯ ಮೇಲಿಂದಲೇ ಟೇಪು ಹಿಡಿಯಲು ಹೇಳಿದಳು. ನಾನು ಅದನ್ನು ಶೋಕಿ ಎಂದುಕೊಂಡೆ. ಶೋಕಿ ಎಂದುಕೊಂಡು ಮೆಚ್ಚಿದೆ ಕೂಡ. ಮಣಿಕಟ್ಟಿಗೆ ಸಣ್ಣ ಜರಿಯ ಅಂಚನ್ನು ಕೂಡಿಸಿ, ಉದ್ದ ತೋಳಿನಲ್ಲಿ ಅವಳು ಇನ್ನೂ ಚೆಂದ ಕಾಣುತ್ತಾಳೆಂದು ಅಂಗಡಿಯವರೆಲ್ಲರ ಎದುರು ಹೇಳಿ, ಕನ್ನಡಿಯ ಮುಂದೆ ಅವಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅಂಥವೇ ನಾಲ್ಕು ರವಿಕೆ ಹೊಲಿದೆ. ಶ್ರಾವಣದಲ್ಲಿ ಅವಳು ಕೆಲಸಕ್ಕೆ ಬರುವುದು ನಿಂತಿತು. ಸೀಮೆಎಣ್ಣೆ ಸ್ಟೌವ್ ಸಿಡಿಯಿತು ಎಂದು ಮನೆಯವರು ಹೇಳಿದರು, ಪೊಲೀಸರೂ ಹಾಗೆಯೇ ಬರೆದುಕೊಂಡರು. ವರದಕ್ಷಿಣೆ ಸಾವು ಎಂಬ ಕಲಮು ಕಾನೂನಿಗೆ ಬಂದದ್ದು 1986ರಲ್ಲಿ. ಬಂದಿದ್ದರೂ ಹೋಗಿ ಹೇಳುವುದಕ್ಕೆ ನನ್ನ ಬಳಿ ಏನಿತ್ತು? ಆ ತೋಳಿನೊಳಗೆ ಏನಿದೆಯೆಂದು ನಾನು ನೋಡಿರಲಿಲ್ಲ.

ಆದುದರಿಂದ ನಿನ್ನ ಪ್ರಶ್ನೆಗೆ 'ಇಲ್ಲ' ಎಂದು ಬರೆಯಲು ನನ್ನ ಕೈ ಬರುತ್ತಿಲ್ಲ, ಮಗು. ನನ್ನೊಳಗೆ ಕಲ್ಲು ಇತ್ತು, ಮತ್ತು ಅದು ಕಲ್ಲಿನ ಹಾಗೆ ಕಾಣಿಸುತ್ತಿರಲಿಲ್ಲ, ಕೆಲಸದ ಮೇಲಿನ ಪ್ರೀತಿಯ ಹಾಗೆಯೇ ಕಾಣಿಸುತ್ತಿತ್ತು. ಪರದೆಯ ಮೇಲಿನ ಸಾವಿನಲ್ಲಿ ನೀನು ಬಣ್ಣವನ್ನು ಕಂಡೆ ಎಂಬುದಕ್ಕೆ ನಾನು ಅಷ್ಟು ಹೆದರುವುದಿಲ್ಲ, ಏಕೆಂದರೆ ಅಲ್ಲಿ ಸಾಯುವವಳ ಮೇಲೆ ದೀಪವನ್ನು ತಿರುಗಿಸಿ ಇಡುತ್ತಾರೆ, ಹಳೆಯ ಸಾಮಾನಿನ ಅಂಗಡಿಯಲ್ಲಿ ನಿಕೋಲ್ ಎಂಬವಳು ಓಡುವಾಗ ಆರಿ ಹತ್ತುವ ಬೆಳಕು ನಮ್ಮ ಕಣ್ಣನ್ನು ಬಲವಂತವಾಗಿ ಅವಳ ಮೇಲೆ ಹಿಡಿದಿಡುತ್ತದೆ. ನನ್ನ ಅಂಗಡಿಯ ಹುಡುಗಿಯ ಮೇಲೆ ಅಂಥ ಬೆಳಕು ಯಾವುದೂ ಬೀಳಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ, ಸುಣ್ಣ ಹಚ್ಚಿದ ಸಾಧಾರಣ ಗೋಡೆಯ ಎದುರು ನಿಂತು, ತೋಳು ಸ್ವಲ್ಪ ಉದ್ದವಿರಲಿ ಅಕ್ಕ ಎಂದಳು, ಅಷ್ಟೇ.

ಆ ಚಿತ್ರದ ಇನ್‌ಸ್ಪೆಕ್ಟರನ ಬಗ್ಗೆ ನೀನು ಏನೂ ಬರೆದಿಲ್ಲ. ನನಗೆ ಮಾತ್ರ ಅವನೇ ಹೆಚ್ಚು ನೆನಪಾಗುತ್ತಾನೆ. ಹೆಂಗಸರ ಚೆಲುವನ್ನು ಕಂಡು ತಲೆಕೆಟ್ಟ ಯಾವನೋ ಹುಚ್ಚ ಇದನ್ನು ಮಾಡುತ್ತಿದ್ದಾನೆಂದು ಅವನು ನಂಬುತ್ತಾನೆ, ಸಂಶಯವಿರುವ ಗಂಡಸರನ್ನೆಲ್ಲ ಹಿಡಿದು ಕೂಡಿಹಾಕುತ್ತಾನೆ, ಆ ರಾತ್ರಿಯೇ ಇನ್ನೊಬ್ಬಳು ಸಾಯುತ್ತಾಳೆ. ಹುಚ್ಚನೂ ಇಲ್ಲ, ಚೆಲುವಿನ ಮೋಹವೂ ಇಲ್ಲ. ಮುಖಕ್ಕೆ ಬಟ್ಟೆ ಬಿಗಿದುಕೊಂಡು ಕೊಲ್ಲುತ್ತಿದ್ದವರು ಆ ಉಡುಪಿನ ಮನೆಯ ಒಡತಿ ಮತ್ತು ಅವಳ ಜೊತೆ ಅದನ್ನು ನಡೆಸುತ್ತಿದ್ದ ಗಂಡಸು. ಅವಳ ಗಂಡನನ್ನು ಹಿಂದೆ ಕೊಂದದ್ದು ಹೊರಬರಬಾರದೆಂದು ಇಷ್ಟು ಸಾವು. ಕೊಲೆಗೆ ಚೆಲುವು ಕಾರಣವಲ್ಲ ಎಂದು ತಿಳಿದಾಗ ನನಗೆ ಏಕೋ ಅಳು ಬಂತು. ನಲವತ್ತು ವರ್ಷಗಳಿಂದ ನಾನು ಆ ಹುಡುಗಿಯ ಚೆಲುವನ್ನೇ ದೂರುತ್ತಿದ್ದೆ, ಅಷ್ಟು ಚೆಂದವಿದ್ದುದರಿಂದಲೇ ಗಂಡನಿಗೆ ಸಂಶಯ ಬಂದಿರಬೇಕು ಎಂದು ಯಾರೋ ಆಡಿದ ಮಾತನ್ನು ನಂಬಿಕೊಂಡಿದ್ದೆ. ಯಾಕೆ ನಂಬಿದೆನೆಂದರೆ, ಹಾಗಾದರೆ ನನ್ನ ಪಾಲು ಕಡಿಮೆಯಾಗುತ್ತಿತ್ತು.

ನಿನಗೆ ಏನು ಮಾಡೆಂದು ಹೇಳಲಿ? ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಅಳತೆ ತೆಗೆಯುವಾಗ ಮೊದಲು ಮುಖ ನೋಡು, ಆಮೇಲೆ ಟೇಪು ಹಿಡಿ ಎನ್ನಬಹುದು. ಅಲ್ಲಿ ಹಾಗೆ ಮಾಡಲು ಸಮಯ ಕೊಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನ ಜೊತೆ ಹೊಲಿಯುವವರು, ಬಟ್ಟೆ ತೊಟ್ಟು ನಿಲ್ಲುವ ಹುಡುಗಿಯರು, ಅವರ ಮನೆ ಎಲ್ಲಿದೆ, ರಾತ್ರಿ ಹೇಗೆ ಹೋಗುತ್ತಾರೆ ಎಂಬುದನ್ನಾದರೂ ತಿಳಿದುಕೊಂಡಿರು. ಯಾರಾದರೂ ಹವಾಮಾನಕ್ಕೆ ಒಗ್ಗದ ಉಡುಪು ಕೇಳಿದರೆ, ಏಕೆ ಎಂದು ಒಮ್ಮೆ ಕೇಳು. ಕೇಳಿದರೆ ಕೆಲವರಿಗೆ ಸಿಟ್ಟು ಬರಬಹುದು, ಬರಲಿ. ಮತ್ತೆ, ಆ ಚಿತ್ರವನ್ನು ಒಬ್ಬಳೇ ಕುಳಿತು ಪುನಃ ನೋಡಬೇಡ ಎಂದು ಬರೆಯಬೇಕೆಂದಿದ್ದೆ, ಆದರೆ ನಾನೇ ಎರಡು ಸಲ ನೋಡಿದ್ದೇನೆ. ನೋಡುವುದಾದರೆ ಆ ಕೈಚೀಲದ ದೃಶ್ಯವನ್ನು ನೋಡು, ಅಲ್ಲಿ ಯಾರ ಕಣ್ಣು ಎಲ್ಲಿದೆ ಎಂಬುದನ್ನು ಗಮನಿಸು. ಕಲಿಯುವುದನ್ನು ಮಾತ್ರ ಈ ಹೆದರಿಕೆಗಾಗಿ ಬಿಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಖಾಲಿ ಹೊಟ್ಟೆಯಲ್ಲಿ ಇಂಥ ಯೋಚನೆಗಳು ಇನ್ನೂ ಭಾರವಾಗುತ್ತವೆ.

ನನ್ನ ಹಳೆಯ ಅಳತೆ ಪುಸ್ತಕಗಳನ್ನು ನಿನ್ನೆ ಅಟ್ಟದಿಂದ ಇಳಿಸಿದೆ. ಎರಡನ್ನು ಗೆದ್ದಲು ತಿಂದಿದೆ, 84ರದು ಉಳಿದಿದೆ. ಅವಳ ಹೆಸರಿನ ಕೆಳಗೆ ಮೊದಲ ಅಳತೆಯಲ್ಲಿ ತೋಳು 9 ಎಂದಿದೆ. ಏಪ್ರಿಲ್‌ನಲ್ಲಿ ಅದನ್ನು ಹೊಡೆದುಹಾಕಿ 21 ಎಂದು ಬರೆದು, ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ 'ಜರಿ ಅಂಚು, ಚೆನ್ನಾಗಿ ಒಪ್ಪುತ್ತದೆ' ಎಂದು ಗುರುತು ಹಾಕಿದ್ದೇನೆ. ಡಿಸೆಂಬರಿನಲ್ಲಿ ನೀನು ಬಂದಾಗ ಆ ಪುಟವನ್ನು ತೋರಿಸುತ್ತೇನೆ. ಅಲ್ಲಿಯವರೆಗೆ ಅದು ನನ್ನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇರುತ್ತದೆ.

ಇಂತಿ,
ನಿನ್ನ ಅತ್ತೆ