ಮಗಳಿಗೊಂದು ಪತ್ರ: ಒಬ್ಬರೇ ಕೂರುವ ಲಿಫ್ಟ್

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಆಫೀಸಿನವರೆಲ್ಲ ಜಪಾನಿನ ದೊಡ್ಡ ಸ್ಕೀ ಊರಾದ ಹಕುಬಾಗೆ ಹೋಗಿದ್ದಾರೆ, ನೀನು ಮಾತ್ರ ಯಾಕಮ್ಮ ಆ ಹಳೇ ಸ್ಕೀ ಜಾಗಕ್ಕೆ ಹೋದೆ, ಫೋಟೋದಲ್ಲಿ ತುಕ್ಕು ಹಿಡಿದ ಕಂಬ ಬಿಟ್ಟರೆ ಏನೂ ಇಲ್ಲ ಅಂದೆಯಲ್ಲ. ಅದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಕೂತು ಬರೆಯುತ್ತಿದ್ದೇನೆ.

ನನ್ನ ಪಕ್ಕದ ಸೀಟಿನ ಹುಡುಗಿಯ ತವರು ಅದು. ಬನ್ನಿ, ನಮ್ಮೂರಿನ ಹಿಮ ನೋಡಿ ಅಂತ ಕರೆದಳು. ಟೋಕಿಯೋದಿಂದ ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಹತ್ತಿದರೆ ಒಂದೂಕಾಲು ಗಂಟೆ ಆಸುಪಾಸಿನಲ್ಲಿ ಎಚಿಗೊ-ಯುಝಾವಾ ಬರುತ್ತದೆ, ಅಲ್ಲಿಂದ ಪುಟ್ಟ ಲೋಕಲ್ ರೈಲಿನಲ್ಲಿ ಮುಯಿಕಾಮಾಚಿ ಕಡೆಗೆ. ಈ ಊರಿರುವ ನೀಗಾತಾ ಪ್ರಾಂತ್ಯ ಅಂದರೆ ಒಂಥರಾ ನಮ್ಮ ಆಗುಂಬೆ. ಅರಬ್ಬೀ ಸಮುದ್ರದ ಮೋಡ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿದು ಚಿತ್ರದುರ್ಗಕ್ಕೆ ಏನೂ ಉಳಿಸುವುದಿಲ್ಲ ಅಲ್ವಾ? ಇಲ್ಲಿ ಸೈಬೀರಿಯಾದ ಒಣ ಗಾಳಿ ಜಪಾನ್ ಸಮುದ್ರ ದಾಟುವಾಗ ನೀರು ಹೀರಿಕೊಂಡು, ಬೆಟ್ಟಕ್ಕೆ ಬಡಿದು, ಅಷ್ಟನ್ನೂ ಹಿಮವಾಗಿ ಸುರಿಸಿಬಿಡುತ್ತದೆ. ಬೆಟ್ಟದ ಆಚೆ ಟೋಕಿಯೋದಲ್ಲಿ ಒಣ ಬಿಸಿಲು.

ಇನ್ನೊಂದು ಹೇಳಬೇಕು. ಇಲ್ಲಿನ ರಸ್ತೆಗಳು ನಮ್ಮ ಮಲೆನಾಡಿನ ಮಣ್ಣಿನ ಹಾಗೆ ಕೆಂಪು! ಹಿಮ ಕರಗಿಸಲು ರಸ್ತೆಯ ಮಧ್ಯೆ ಪೈಪ್ ಹೂಳಿ ಅಂತರ್ಜಲ ಚಿಮ್ಮಿಸುತ್ತಾರೆ. ನೆಲದಡಿಯ ನೀರು ಚಳಿಗಾಲದಲ್ಲೂ ಹೆಪ್ಪುಗಟ್ಟುವಷ್ಟು ತಣ್ಣಗಿರುವುದಿಲ್ಲ. ಅದರಲ್ಲಿರುವ ಕಬ್ಬಿಣ ವರ್ಷ ವರ್ಷ ಡಾಂಬರಿಗೆ ಅಂಟಿ ತುಕ್ಕಿನ ಬಣ್ಣ ಬಂದಿದೆ.

ಆ ಸ್ಕೀ ಜಾಗ ಊರಿನ ಹಿಂದಿನ ಗುಡ್ಡ, ಅಷ್ಟೇ. ಜನರನ್ನು ಗುಡ್ಡದ ಮೇಲಕ್ಕೆ ಏರಿಸುವ, ತಂತಿಗೆ ಕುರ್ಚಿ ತೂಗುಹಾಕಿದ ಮೂರು ಲಿಫ್ಟ್‌ಗಳಲ್ಲಿ ಓಡುತ್ತಿರುವುದು ಒಂದು. ಉಳಿದೆರಡರ ಕುರ್ಚಿ ಬಿಚ್ಚಿದ್ದಾರೆ, ಕಂಬಗಳು ಹಾಗೇ ನಿಂತಿವೆ. ನೀನು ಫೋಟೋದಲ್ಲಿ ನೋಡಿದ ಕಂಬ ಅವೇ. ಬಾಡಿಗೆ ಬೂಟಿನ ಕೋಣೆಯಲ್ಲಿ ನೂರಾರು ಜೊತೆ ಸಾಲಾಗಿ ಜೋಡಿಸಿಟ್ಟಿದ್ದಾರೆ, ಆ ದಿನ ಅವುಗಳಲ್ಲಿ ಹೊರಗೆ ಹೋಗಿದ್ದು ನಾಲ್ಕೋ ಐದೋ. ಕ್ಯಾಂಟೀನಿನಲ್ಲಿ ಸೀಮೆಎಣ್ಣೆ ಸ್ಟವ್‌ನ ವಾಸನೆ, ಮುನ್ನೂರು ಜನ ಕೂರಬಹುದಾದ ಮೇಜುಗಳು. ಒಬ್ಬ ತಾತ ಮೊಮ್ಮಗನಿಗೆ ನೂಡಲ್ಸ್ ತಿನ್ನಿಸುತ್ತಿದ್ದರು.

ಈ ಸೀಮೆಗೆ ಸ್ಕೀ ಬಂದಿದ್ದು 1911ರಲ್ಲಿ. ಆಸ್ಟ್ರಿಯಾ-ಹಂಗೇರಿಯ ಸೇನೆಯ ಲೆರ್ಖ್ ಎಂಬ ಮೇಜರ್ ತಕಾದಾ ಊರಿನಲ್ಲಿ ಸೈನಿಕರಿಗೆ ಕಲಿಸಿದ, ಅದೂ ಒಂದೇ ಕೋಲು ಹಿಡಿದು. ಜನ ನುಗ್ಗಿದ್ದು ಮಾತ್ರ ತುಂಬಾ ಆಮೇಲೆ. 1982ರಲ್ಲಿ ಶಿಂಕಾನ್ಸೆನ್ ಬಂತು, 1985ರಲ್ಲಿ ಬೆಟ್ಟ ಕೊರೆದು ಹೆದ್ದಾರಿ ಬಂತು, 1987ರಲ್ಲಿ ರೆಸಾರ್ಟ್ ಕಟ್ಟುವವರಿಗೆ ಅನುಕೂಲವಾಗುವ ಕಾನೂನೂ ಬಂತು. ಬ್ಯಾಂಕುಗಳು ಕೇಳಿದಷ್ಟು ಸಾಲ ಕೊಡುತ್ತಿದ್ದ ಕಾಲ. 1993ರ ಲೆಕ್ಕ ನೋಡು, ಸುಮಾರು 1 ಕೋಟಿ 86 ಲಕ್ಷ ಜನ ಸ್ಕೀ ಮಾಡಿದ್ದರು. ದೇಶದ ಏಳು ಜನರಲ್ಲಿ ಒಬ್ಬರು! ಈಗ ಅದರ ಮೂರನೇ ಒಂದು ಭಾಗವೂ ಇಲ್ಲ. ಸಾಲದ ದುಡ್ಡಿನಿಂದ ಉಬ್ಬಿದ್ದ ಆರ್ಥಿಕತೆಯ ಗುಳ್ಳೆ ಒಡೆಯಿತು, ಹುಡುಗರ ಸಂಖ್ಯೆಯೇ ಕಡಿಮೆಯಾಯಿತು. ಜೊತೆಗೆ, ಜನರನ್ನು ಕರೆತಂದ ಅದೇ ರೈಲು ಸಂಜೆಗೇ ಅವರನ್ನು ವಾಪಸ್ ಕರೆದುಕೊಂಡು ಹೋಗತೊಡಗಿತು, ರಾತ್ರಿ ಉಳಿಯುವವರೇ ಇಲ್ಲದ ಮೇಲೆ ಮನೆಯ ಕೋಣೆ ಕೊಟ್ಟು ಊಟ ಹಾಕುತ್ತಿದ್ದ ರೈತರು ಏನು ಮಾಡಬೇಕು? ಯುಝಾವಾದಲ್ಲಿ ಕೋಟಿಗಟ್ಟಲೆ ಯೆನ್‌ಗೆ ಮಾರಿದ್ದ ಫ್ಲ್ಯಾಟ್‌ಗಳಲ್ಲಿ ಕೆಲವು ಆಮೇಲೆ 1 ಲಕ್ಷ ಯೆನ್‌ಗೆ ಇಳಿದವು. ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟಬೇಕಲ್ಲ, ಅದಕ್ಕೆ ಹೆದರಿ ಕೊಳ್ಳುವವರಿಲ್ಲ.

ನಾನು ನಿನಗೆ ಹೇಳಬೇಕೆಂದಿದ್ದು ಇದಲ್ಲ.

ಲಿಫ್ಟ್ ನಡೆಸುವವರು ಆ ಹುಡುಗಿಯ ಅಪ್ಪ. ಎಪ್ಪತ್ತು ದಾಟಿದೆ. ಕುರ್ಚಿಗಳು ಒಬ್ಬರೇ ಕೂರುವಂಥವು, ಹಿಡಿದುಕೊಳ್ಳಲು ಪಕ್ಕದ ಕಂಬಿ ಮಾತ್ರ. ಹಿಮ ಬೀಳುತ್ತಲೇ ಇತ್ತು. ಅವರು ಪೊರಕೆ ಹಿಡಿದು ಬರುವ ಒಂದೊಂದು ಕುರ್ಚಿಯನ್ನೂ ಗುಡಿಸುತ್ತಿದ್ದರು. ಸಾಲಿನಲ್ಲಿ ಯಾರೂ ಇರಲಿಲ್ಲ. ಆದರೂ ಒಂದನ್ನೂ ಹಾಗೇ ಬಿಡಲಿಲ್ಲ. ಯಾಕೆ ಅಂತ ಕೇಳಿದೆ, ಅವರ ಉತ್ತರವನ್ನು ಮಗಳು ಇಂಗ್ಲಿಷಿನಲ್ಲಿ ಹೇಳಿದಳು: ಯಾರಾದರೂ ಬಂದರೆ ಒದ್ದೆ ಕುರ್ಚಿ ಆಗಬಾರದು.

ಮಧ್ಯಾಹ್ನ ಲಿಫ್ಟ್‌ನ ಗುಡಿಸಲಿನಲ್ಲಿ ಅನ್ನದ ಉಂಡೆ ಕೊಟ್ಟರು, ಒಳಗೆ ಉಮೆ ಎಂಬ ಹುಳಿ ಹಣ್ಣಿನ ಉಪ್ಪಿನಕಾಯಿ. ತಮ್ಮದೇ ಗದ್ದೆಯ ಅಕ್ಕಿ. ಆಗ ಮಾತು ಶುರುವಾಯಿತು. ಅವರು ಚಿಕ್ಕವರಿದ್ದಾಗ ಈ ಊರಿನ ಗಂಡಸರೆಲ್ಲ ಚಳಿಗಾಲದಲ್ಲಿ ಗುಳೆ ಹೋಗುತ್ತಿದ್ದರಂತೆ. ಹೌದು, ಗುಳೆಯೇ, ಅದಕ್ಕೆ ಇಲ್ಲಿ ದೆಕಾಸೆಗಿ ಎನ್ನುತ್ತಾರೆ. ಗದ್ದೆ ಹಿಮದಡಿ ಮುಚ್ಚಿಹೋದ ಮೇಲೆ ಟೋಕಿಯೋಗೆ ಹೋಗಿ ರಸ್ತೆ, ಕಟ್ಟಡದ ಕೆಲಸ. ಅವರ ಅಪ್ಪ ಕುಯ್ಲು ಮುಗಿಸಿ ಹೋದರೆ ಬರುತ್ತಿದ್ದುದು ಹಿಮ ಕರಗಿದ ಮೇಲೆ. ಗುಡ್ಡಕ್ಕೆ ಲಿಫ್ಟ್ ಬಂದಿದ್ದರಿಂದ ಇವರಿಗೆ ಚಳಿಗಾಲದಲ್ಲೂ ಊರಿನಲ್ಲೇ ಕೆಲಸ ಸಿಕ್ಕಿತು. ಮಗಳು ಶಾಲೆಯಿಂದ ನೇರ ಲಿಫ್ಟ್ ಹತ್ತಿರ ಬರುತ್ತಿದ್ದಳಂತೆ. ಒಂದು ಚಳಿಗಾಲವೂ ಅವಳನ್ನು ಬಿಟ್ಟಿರಲಿಲ್ಲ ಅಂದರು. ಅವಳು ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳುವಾಗ ತಲೆ ತಗ್ಗಿಸಿದಳು.

ನನಗೆ ನೀನು ನೆನಪಾದೆ, ಪುಟ್ಟಿ. ಇಡೀ ಒಂದು ವರ್ಷ ನಿನ್ನನ್ನು ಅಪ್ಪ, ಅಜ್ಜಿಯ ಹತ್ತಿರ ಬಿಟ್ಟು ಬಂದವಳು ನಾನು. ನಿನ್ನ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಸ್ಕೀ ಇಲ್ಲದವರನ್ನು ಸಾಮಾನ್ಯವಾಗಿ ಹತ್ತಿಸುವುದಿಲ್ಲ, ನನಗಾಗಿ ಲಿಫ್ಟ್ ನಿಲ್ಲಿಸಿ, ಕುರ್ಚಿ ಗುಡಿಸಿ ಕೂರಿಸಿದರು. ಸುಮ್ನೆ ಮೇಲೆ ಹೋಗಿ ಅದರಲ್ಲೇ ಇಳಿದು ಬಂದೆ. ಕೆಳಗೆ ಮುಚ್ಚಿದ ಶಾಲೆ, ಬಿಳಿ ಗದ್ದೆಗಳು, ಕೆಂಪು ರಸ್ತೆ. ಮೇಲೆ ಗಾಳಿಯ ಸದ್ದೂ ಇರಲಿಲ್ಲ.

ಹೊರಡುವಾಗ ನಿನಗೆ ಅಂತ 2 ಕೆಜಿ ಅಕ್ಕಿ ಕೊಟ್ಟಿದ್ದಾರೆ. ಯುಗಾದಿಗೆ ಬರುವಾಗ ತರುತ್ತೇನೆ. ಅಜ್ಜಿಗೆ ಈಗಲೇ ಹೇಳಿಡು, ಈ ಅಕ್ಕಿಯನ್ನು ಬಸಿಯಬಾರದಂತೆ. ಅರ್ಧ ಗಂಟೆ ನೆನೆಸಿ, ನೀರು ಅಳತೆಯಷ್ಟೇ ಇಟ್ಟು, ಮುಚ್ಚಳ ತೆಗೆಯದೆ ಬೇಯಿಸಬೇಕು.

ನಿನ್ನ ಅಮ್ಮ