ಮೆಟ್ಟಿಲ ಬುಡದಲ್ಲೇ ಚದುರುವ ಕುಟುಂಬ

ಮಾನ್ಯ ಸಂಪಾದಕರೇ,

ಕಲಾ ಸಂಗ್ರಹಾಲಯಕ್ಕೆ ಕುಟುಂಬಸಮೇತ ಬರುವವರು ಕಡಿಮೆಯಾಗಿದ್ದಾರೆ, ಜನರಲ್ಲಿ ಕಲಾಸಕ್ತಿಯೇ ಉಳಿದಿಲ್ಲ ಎಂದು ಅಲ್ಲಿನ ಅಧಿಕಾರಿಗಳು ಆಡಿದ ಮಾತು ನಿಮ್ಮ ಭಾನುವಾರದ ಸಂಚಿಕೆಯಲ್ಲಿ ವರದಿಯಾಗಿದೆ. ಅದರ ಹಿಂದಿನ ದಿನವಷ್ಟೇ ನಾವು ಡೊಂಬಿವಲಿಯಿಂದ ನಾಲ್ಕು ತಲೆಮಾರಿನವರು ಅಲ್ಲಿಗೆ ಹೋಗಿದ್ದೆವು. ನಮ್ಮಲ್ಲಿ ಆಸಕ್ತಿ ಬೇಕಾದಷ್ಟಿತ್ತು, ಆದರೆ ಆ ಕಟ್ಟಡವೇ ನಮ್ಮನ್ನು ಒಟ್ಟಿಗಿರಲು ಬಿಡಲಿಲ್ಲ.

ಮೊಮ್ಮಗಳ ತಳ್ಳುಗಾಡಿಯನ್ನು ಬಾಗಿಲಲ್ಲೇ ಇರಿಸಿಕೊಂಡರು. ಚಿತ್ರಗಳೆಲ್ಲ ಮೇಲಿನ ಅಂತಸ್ತುಗಳಲ್ಲಿವೆ, ಹತ್ತಲು ಕಡಿದಾದ ಮೆಟ್ಟಿಲುಗಳಿವೆ, ಕಚೇರಿಯ ಹಿಂಬದಿಯ ಲಿಫ್ಟಿಗೆ ‘ಸಿಬ್ಬಂದಿಗೆ ಮಾತ್ರ’ ಎಂಬ ಫಲಕವಿದೆ. ಮಂಡಿನೋವಿನಿಂದ ಬಳಲುವ ನಮ್ಮ ಅಮ್ಮ ಮೊದಲ ತಿರುವಿನಲ್ಲಿ ಮೆಟ್ಟಿಲ ಮೇಲೆಯೇ ಕುಳಿತಾಗ, ದಾರಿಗೆ ಅಡ್ಡವಾಗುತ್ತದೆಂದು ಕಾವಲುಗಾರರು ಎಬ್ಬಿಸಿದರು. ಮೇಲೆ ಹೋದರೆ ಅಲ್ಲೂ ಒಂದು ಬೆಂಚಿಲ್ಲ. ಚಿತ್ರಗಳನ್ನು ದೊಡ್ಡವರ ಕಣ್ಣಿನ ಮಟ್ಟಕ್ಕೆ ತೂಗುಹಾಕಿರುವುದರಿಂದ, ಕತ್ತೆತ್ತಿ ನೋಡುವ ಮಗುವಿಗೆ ಕಾಣುವುದು ಚೌಕಟ್ಟಿನ ಕೆಳಅಂಚು ಮತ್ತು ಗಾಜಿನ ಮೇಲೆ ಹೊಳೆಯುವ ದೀಪ ಮಾತ್ರ; ಎತ್ತಿಕೊಂಡು ತೋರಿಸಹೋದರೆ ಹತ್ತಿರ ಬರಬೇಡಿರೆಂಬ ಗದರಿಕೆ. ಶೌಚಾಲಯ ನೆಲಮಹಡಿಯಲ್ಲಿ. ಮಗುವನ್ನು ಕರೆದುಕೊಂಡು ಇಳಿದ ಸೊಸೆಗೆ, ಇದು ಒಮ್ಮುಖ ದಾರಿ, ಮತ್ತೆ ಮೊದಲಿನಿಂದ ಸುತ್ತಿಕೊಂಡು ಬನ್ನಿ ಎಂದರು. ಅಮ್ಮ ಕೆಳಗೆ, ಸೊಸೆ ಮತ್ತು ಮಗು ಇನ್ನೆಲ್ಲೋ, ನಾನು ಮತ್ತು ಮಗ ಮೇಲೆ. ಒಬ್ಬರು ಮೆಚ್ಚಿದ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸುವುದೇ ಆಗಲಿಲ್ಲ.

ಇದು ಪಾರಂಪರಿಕ ಕಟ್ಟಡ, ಕೈ ಹಚ್ಚುವಂತಿಲ್ಲ ಎಂಬುದು ಮೇಲ್ವಿಚಾರಕರ ಉತ್ತರ. ಹಳೆಯದಾದ ಮಾತ್ರಕ್ಕೆ ಕಟ್ಟಡ ಕುಟುಂಬಗಳಿಗೆ ಒಗ್ಗದೆಂದು ಯಾರು ಹೇಳಿದರು? ಜಾರ್ಜ್ ವಿಟೆಟ್ ವಿನ್ಯಾಸದ, 1922ರಲ್ಲಿ ಸಾರ್ವಜನಿಕರಿಗೆ ತೆರೆದ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವನ್ನು ನೋಡಲಿ. ನಮ್ಮ ವಿಜಯಪುರದ ಗೋಲಗುಮ್ಮಟದ ಕಮಾನುಗಳನ್ನು ನೆನಪಿಸುವ ಅದರ ನಡುಸಭಾಂಗಣ ಮೇಲಿನ ಮೊಗಸಾಲೆಗಳಿಗೆ ತೆರೆದುಕೊಂಡಿರುವುದರಿಂದ, ದಣಿದು ಕೆಳಗೆ ಉಳಿದ ಹಿರಿಯರು ಮೇಲೆ ಹೋದವರ ಕಣ್ಣಳತೆಯಲ್ಲೇ ಇರುತ್ತಾರೆ. ಅದೇ ಆವರಣದಲ್ಲಿ 2019ರಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಸಂಗ್ರಹಾಲಯವೂ ಆರಂಭವಾಯಿತು. 1872ರಲ್ಲಿ ತೆರೆದ, ಮುಂಬೈಯದೇ ಭಾಯಖಳದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಜೀರ್ಣೋದ್ಧಾರಕ್ಕೆ 2005ರಲ್ಲಿ ಯುನೆಸ್ಕೊ ಪ್ರಶಸ್ತಿ ಸಂದಿತು. ಕೈ ಹಚ್ಚಲು ಬರುವವರು ಹಚ್ಚಿದ್ದಾರೆ.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ನಿಯಮಗಳು ಜಾರಿಯಾದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರೂ ಬಳಸುವಂತೆ ಮಾರ್ಪಡಿಸಬೇಕಿತ್ತು. 2017ರ ನಿಯಮಗಳ ಪ್ರಕಾರ ಆ ಗಡುವು 2022ಕ್ಕೇ ಮುಗಿದಿದೆ. ಆದರೆ ನಮ್ಮ ಅಧಿಕಾರಿಗಳಿಗೆ ಮೆಟ್ಟಿಲು ಯಾವತ್ತಾದರೂ ತೊಂದರೆಯಾಗಿ ಕಂಡಿದೆಯೇ? ಹಿರಿಯ ನಾಗರಿಕರ ಅರ್ಜಿ ಸ್ವೀಕರಿಸುವ ಮೇಜನ್ನೇ ಮೇಲ್ಮಹಡಿಯಲ್ಲಿಟ್ಟ ಸರ್ಕಾರಿ ಕಚೇರಿಗೆ ವರ್ಷಗಳ ಹಿಂದೆ ನಾನು ಬರೆದ ದೂರಿಗೆ ಸ್ವೀಕೃತಿಯೂ ಬರಲಿಲ್ಲ. ಮನೆಯಲ್ಲಿ ವಯಸ್ಸಾದವರೂ ಮಕ್ಕಳೂ ಇವರಿಗೂ ಇದ್ದಾರಲ್ಲವೇ?

ಆ ಲಿಫ್ಟನ್ನು ಸಾರ್ವಜನಿಕರಿಗೆ ತೆರೆಯಲಿ, ಪ್ರತಿ ಕೋಣೆಯಲ್ಲೂ ಕೂರಲು ಜಾಗ ಮಾಡಲಿ. ಸಂಬಂಧಪಟ್ಟವರು ತಕ್ಷಣ ಸೂಕ್ತ ಕ್ರಮ ಕೈಗೊಳ್ಳಲಿ. ಅದೂ ಆಗದಿದ್ದರೆ, ಜನರಿಗೆ ಆಸಕ್ತಿಯಿಲ್ಲವೆಂದು ಪತ್ರಿಕೆಗಳ ಮುಂದೆ ದೂರುವುದನ್ನಾದರೂ ನಿಲ್ಲಿಸಲಿ.

– ನೊಂದ ಓದುಗ, ಡೊಂಬಿವಲಿ