ಸೆರೆಸ್ ತಪ್ಪು ಉತ್ತರ ಹೇಗಾಯಿತು?

ಮಾನ್ಯ ಸಂಪಾದಕರೇ,

ಭಾನುವಾರದ ವಿಜ್ಞಾನ ಕ್ವಿಜ್ ಯಶಸ್ವಿಯಾಯಿತೆಂದು ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಫೋಟೊದಲ್ಲಿ ಅತಿಥಿಗಳು ದೀಪ ಹಚ್ಚುತ್ತಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಗತಿ ಏನಾಯಿತು ಎಂಬುದು ಒಂದು ಸಾಲೂ ಇಲ್ಲ.

ಒಂದು ಕುಬ್ಜ ಗ್ರಹದ ಹೆಸರು ಹೇಳಿ ಎಂದು ಕೇಳಿದರು. ನನ್ನ ಮಗಳು ಸೆರೆಸ್ ಎಂದಳು. ತಪ್ಪಂತೆ! ಪ್ಲೂಟೊ ಮಾತ್ರ ಸರಿಯಂತೆ. 2006ರಲ್ಲಿ ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ತೆಗೆದ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವೇ ಸೆರೆಸ್, ಎರಿಸ್‌ಗಳನ್ನೂ ಕುಬ್ಜ ಗ್ರಹವೆಂದು ಒಪ್ಪಿದೆ. 2008ರಲ್ಲಿ ಹೌಮಿಯಾ, ಮಾಕೆಮಾಕೆ ಸೇರಿ ಐದಾದವು.

ಬೇರೆ ನಕ್ಷತ್ರಗಳ ಗ್ರಹ ಪತ್ತೆ ಹಚ್ಚುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಕುಂದುತ್ತದೆ, ಅದನ್ನು ಅಳೆದು ಎಂದಳು. ಅದೂ ತಪ್ಪು. ದೂರದರ್ಶಕದಲ್ಲಿ ನೇರವಾಗಿ ನೋಡಿ ಎಂಬುದೇ ಅವರ ಉತ್ತರ. ಮಗಳು ಪೆನ್ಸಿಲಿನಲ್ಲಿ ಗೆರೆ ಎಳೆದು, ನಡುವೆ ಬೆಳಕು ಕುಂದುವ ಕಡೆ ಒಂದು ತಗ್ಗು ಬಿಡಿಸಿ ತೋರಿಸಲು ಹೋದರೆ, "ಸಮಯ ಇಲ್ಲ, ಕೂತ್ಕೋ" ಎಂದರು. ಕೆಪ್ಲರ್ ದೂರದರ್ಶಕ 2009ರಿಂದ 2018ರವರೆಗೆ ಎರಡು ಸಾವಿರಕ್ಕೂ ಜಾಸ್ತಿ ಗ್ರಹ ಹುಡುಕಿದ್ದು ಇದೇ ತಗ್ಗನ್ನು ನೋಡಿ, ಅಲ್ವಾ? ಗುರು ಗ್ರಹದಷ್ಟು ದೊಡ್ಡದು ಅಡ್ಡ ಬಂದರೂ ಸೂರ್ಯನಂಥ ನಕ್ಷತ್ರದ ಬೆಳಕು ನೂರರಲ್ಲಿ ಒಂದು ಪಾಲು ತಗ್ಗೀತು, ಅಷ್ಟೆ. ಜೋಡಿ ನಕ್ಷತ್ರಗಳು ಒಂದನ್ನೊಂದು ಮರೆ ಮಾಡಿದರೂ ಹೀಗೇ ಕಾಣುತ್ತದೆ. ಅದಕ್ಕೇ ಮೊದಲು ಗ್ರಹ ಇರಬಹುದು ಎಂದಷ್ಟೇ ಬರೆದಿಟ್ಟು, ಬೇರೆ ರೀತಿಯಲ್ಲೂ ಪರೀಕ್ಷಿಸಿ ಆಮೇಲೆ ಒಪ್ಪುತ್ತಾರೆ. ಕೆಪ್ಲರ್‌ಗೆ ಕಂಡ ಅಂಥ ಒಂದನ್ನು ನಮ್ಮ ದೇಶದ ಮೌಂಟ್ ಅಬು ವೀಕ್ಷಣಾಲಯದಿಂದ ಅಳೆದು, ಭೂಮಿಯ ಸುಮಾರು 27 ಪಟ್ಟು ತೂಕದ ಗ್ರಹವೆಂದು 2018ರಲ್ಲಿ ತೋರಿಸಿಕೊಟ್ಟರು. ಕುಬ್ಜ ಗ್ರಹಗಳದ್ದೂ ಹಾಗೇ: ಸೂರ್ಯನಿಂದ ಬಹುದೂರದಲ್ಲಿ ಸುತ್ತುವ ಸೆಡ್ನಾ ಎಂಬ ಪುಟ್ಟ ಕಾಯ 2003ರಲ್ಲೇ ಸಿಕ್ಕಿದರೂ ಒಕ್ಕೂಟದ ಕುಬ್ಜ ಗ್ರಹಗಳಲ್ಲಿ ಇನ್ನೂ ಸೇರಿಲ್ಲ. ವಿಜ್ಞಾನಿಗಳು ಇಷ್ಟು ತಾಳ್ಮೆಯಿಂದ ಕಾಯುವಾಗ, ಮೊಬೈಲ್ ತೆಗೆದು ನೋಡುವ ಒಂದು ನಿಮಿಷವೂ ತೀರ್ಪುಗಾರರಿಗೆ ಇರಲಿಲ್ಲವೇ?

ಬೆಳಿಗ್ಗೆ ಒಂಬತ್ತೂವರೆಗೆ ಬರಬೇಕೆಂದು ನೋಟಿಸು. ಹೊಂಡದ ರಸ್ತೆಯಲ್ಲಿ ನಿಂತುಕೊಂಡೇ ಬಸ್ಸಿನಲ್ಲಿ ಬಂದೆವು. ಅತಿಥಿ ಬಂದಾಗ ಹನ್ನೆರಡು! ಪ್ರಶ್ನೆಗಳನ್ನು ಮೊದಲು ಮಲಯಾಳದಲ್ಲಿ ಓದಿದರು. ಕನ್ನಡದಲ್ಲಿ ಓದುವಷ್ಟರಲ್ಲಿ ಬೇರೆಯವರು ಗಂಟೆ ಬಾರಿಸಿ ಆಗಿತ್ತು. ಊಟಕ್ಕೆ ಹೋದರೆ ಅನ್ನ ಮುಗಿದಿತ್ತು. ಸಂಜೆ ಬಸ್ಸು ತಪ್ಪಿ ರಿಕ್ಷಾಕ್ಕೆ ಕೊಟ್ಟ ದುಡ್ಡು ಬೇರೆ. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಇದೇನು ಹೊಸತಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕುತ್ತಾರೆ. ಕಚೇರಿಗೆ ಹೋದರೆ ಕನ್ನಡದ ಫಾರಂ ಇರುವುದಿಲ್ಲ. ಕನ್ನಡದಲ್ಲಿ ಅರ್ಜಿ ಬರೆದು ಕೊಟ್ಟರೆ, ಓದುವವರು ರಜೆಯಲ್ಲಿದ್ದಾರೆ, ನಾಳೆ ಬನ್ನಿ ಎನ್ನುತ್ತಾರೆ. ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ವೇದಿಕೆಯಲ್ಲಿ ಮಾತ್ರ ಎಲ್ಲರೂ ಭಾಷಾ ಅಲ್ಪಸಂಖ್ಯಾತರ ಬಂಧುಗಳೇ.

ನನ್ನ ಮಗಳಿಗೆ ಬರಬೇಕಾದ ಅಂಕ ಕೊಡಿ. ಇಲ್ಲದಿದ್ದರೆ ಕ್ವಿಜ್ ಮತ್ತೊಮ್ಮೆ ನಡೆಸಿ. ಕನ್ನಡ ಬಲ್ಲವರನ್ನು ನೇಮಿಸಿ, ವಿಜ್ಞಾನ ಬಲ್ಲವರನ್ನೂ ನೇಮಿಸಿ. ಮೇಲಿನವರು ಇದನ್ನೆಲ್ಲ ಸ್ವಲ್ಪ ನೋಡಲಿ. ಆಗದಿದ್ದರೆ ಕನ್ನಡದ ಮಕ್ಕಳೂ ಬನ್ನಿ ಎಂದು ಸುಮ್ನೆ ನೋಟಿಸು ಕಳಿಸಬೇಡಿ. ನಿಮಗೆ ನಾಚಿಕೆಯಾಗಬೇಕು.

— ಒಬ್ಬ ರಕ್ಷಕ, ಪೆರ್ಲ